ಮೂರು ಡೋಸ್ ಆಯ್ತು, ಸರಿ. ಟೈಟರ್ ಎಷ್ಟು? ಆಸ್ಪತ್ರೆ ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆಯ ಮಾರ್ಗದರ್ಶಿ

ಡ್ಯೂಟಿಯಲ್ಲಿ ಸೂಜಿ ಚುಚ್ಚಿಸಿಕೊಂಡು ಗಾಬರಿಯಾಗಿ ಬಂದವರಿಗೆ ಮೊದಲು ಕೇಳುವ ಪ್ರಶ್ನೆಗಳು ಎರಡು. ಹೆಪಟೈಟಿಸ್ ಬಿ ಲಸಿಕೆ ಎಷ್ಟು ಡೋಸ್ ಆಗಿದೆ? ಟೈಟರ್ ಎಷ್ಟಿದೆ? ಮೊದಲನೆಯದಕ್ಕೆ "ಎರಡಾಗಿದೆ ಅನ್ಸುತ್ತೆ, ಮೂರೂ ಆಗಿರಬಹುದು" ಅನ್ನುತ್ತಾರೆ. ಎರಡನೆಯದಕ್ಕೆ "ಟೈಟರ್ ಅಂದ್ರೆ?" ಅಂತ ನಮ್ಮ ಮುಖವನ್ನೇ ನೋಡುತ್ತಾರೆ. ಲಸಿಕೆ ಹಾಕಿಸಿಕೊಂಡ ಮೇಲೆ ರಕ್ತದಲ್ಲಿ ಪ್ರತಿಕಾಯ, ಅಂದರೆ ವೈರಸ್ಸನ್ನು ತಡೆಯಲು ಮೈ ಮಾಡಿಕೊಳ್ಳುವ ಪ್ರೋಟೀನ್, ಎಷ್ಟಿದೆ ಅಂತ ಹೇಳುವ ಅಂಕಿಯೇ ಟೈಟರ್.

ನಾನೂ ಹಾಗೇ ಇದ್ದವಳು. ನರ್ಸ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ಡೋಸ್ ಹಾಕಿಸಿಕೊಂಡೆ. ಮೂರನೆಯದು ಆರು ತಿಂಗಳಿಗೆ ಅಂದರು, ಅಷ್ಟರಲ್ಲಿ ವಾರ್ಡ್ ಬದಲಾಯಿತು, ನೈಟ್ ಡ್ಯೂಟಿ ಬಂತು, ಮರೆತೇ ಹೋಯಿತು. ಒಂದು ರಾತ್ರಿ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ಕೊಳವೆ) ಹಾಕುವಾಗ ರೋಗಿ ಕೈ ಜಾಡಿಸಿದರು, ಸೂಜಿ ಗ್ಲೌಸ್ ದಾಟಿ ಬೆರಳಿಗೆ ಹೋಯಿತು. ಬೆಳಗಿನವರೆಗೂ ಲಸಿಕೆ ಕಾರ್ಡ್ ಹುಡುಕಿದ್ದೇ ಹುಡುಕಿದ್ದು. ಅಂಥ ರಾತ್ರಿ ನಿಮಗೆ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ?

ಸೂಜಿ ಚುಚ್ಚಿದರೆ ಎಲ್ಲರೂ ಹೆದರುವುದು ಎಚ್‌ಐವಿಗೆ. ಲೆಕ್ಕ ನೋಡಿದರೆ ಕಥೆ ಬೇರೆ. ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕು ಹತ್ತುವುದು 1000ದಲ್ಲಿ ಸುಮಾರು 3 ಸಲ. ಹೆಪಟೈಟಿಸ್ ಸಿ ಆದರೆ 100ರಲ್ಲಿ 2ಕ್ಕಿಂತ ಕಡಿಮೆ. ಅದೇ ಹೆಪಟೈಟಿಸ್ ಬಿ, ರೋಗಿಯ ರಕ್ತದಲ್ಲಿ ವೈರಸ್ ಜೋರಾಗಿದ್ದು ನೀವು ಲಸಿಕೆಯನ್ನೇ ಹಾಕಿಸಿಕೊಂಡಿಲ್ಲದಿದ್ದರೆ, 100ರಲ್ಲಿ ಸುಮಾರು 30 ಸಲ ಹತ್ತಬಹುದು. ಈ ಮೂರರಲ್ಲಿ ಲಸಿಕೆ ಇರುವುದೂ ಇದೊಂದಕ್ಕೇ.

ಲಿವರಿಗೆ ಹತ್ತುವ ಈ ವೈರಸ್ ಹಟಮಾರಿ. ಮೈಯಿಂದ ಹೊರಗೆ ಬಿದ್ದ ರಕ್ತದಲ್ಲಿ, ಅದು ಒಣಗಿದ ಮೇಲೂ, ಕನಿಷ್ಠ 7 ದಿನ ಬದುಕಿರಬಲ್ಲದು. ಟ್ರೇ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಕಲೆ ಇದ್ದು, ನಿಮ್ಮ ಬೆರಳಿನಲ್ಲಿ ಸಣ್ಣ ಗಾಯವಿದ್ದರೆ ಅಷ್ಟೇ ಸಾಕು. ಸೂಜಿಯೇ ಚುಚ್ಚಬೇಕು ಅಂತೇನಿಲ್ಲ.

ಇನ್ನೊಂದು ವಿಷಯ, ಸೋಂಕು ಬಂದವರಿಗೆಲ್ಲ ಕಾಮಾಲೆ ಆಗುವುದಿಲ್ಲ. ಎಷ್ಟೋ ಜನಕ್ಕೆ ಏನೂ ಗೊತ್ತೇ ಆಗುವುದಿಲ್ಲ. ದೊಡ್ಡವರಾದ ಮೇಲೆ ಬಂದರೆ 100ರಲ್ಲಿ 95 ಜನರ ಮೈ ತಾನೇ ವೈರಸ್ಸನ್ನು ಓಡಿಸುತ್ತದೆ, ಉಳಿದವರಲ್ಲಿ ಅದು ಲಿವರ್‌ನಲ್ಲೇ ಕೂತುಬಿಡುತ್ತದೆ. ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಇದ್ದು ಆಮೇಲೆ ಲಿವರ್ ಗಟ್ಟಿಯಾಗುವುದು, ಕ್ಯಾನ್ಸರ್ ಆಗುವುದು ಇವರಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಹೀಗೆ ವೈರಸ್ ಇಟ್ಟುಕೊಂಡು ಬದುಕುತ್ತಿದ್ದವರು 25.4 ಕೋಟಿ. ಅವರಲ್ಲಿ ಬಹಳ ಮಂದಿಗೆ ತಮಗೆ ಇದೆ ಅಂತಲೇ ಗೊತ್ತಿಲ್ಲ. ಹಾಗಾಗಿ ಕೇಸ್ ಶೀಟಿನಲ್ಲಿ ಏನೂ ಬರೆದಿಲ್ಲ ಅಂದರೆ ಏನೂ ಇಲ್ಲ ಅಂತ ಅರ್ಥವಲ್ಲ.

ಹೆಜ್ಜೆ 1: ನಾನು ಇದರಲ್ಲಿ ಬರುತ್ತೇನಾ?

ರಕ್ತ ಅಥವಾ ಮೈಯ ದ್ರವ ತಾಗುವ ಸಾಧ್ಯತೆ ಇದ್ದರೆ ಬರುತ್ತೀರಿ. ಡಾಕ್ಟರ್, ನರ್ಸ್, ಲ್ಯಾಬ್ ಟೆಕ್ನಿಷಿಯನ್ ಇವರನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಉಳಿದವರನ್ನು. ನೆಲ ಒರೆಸುವವರು, ಕಸದ ಚೀಲ ಕಟ್ಟುವವರು, ಆಪರೇಷನ್ ಥಿಯೇಟರಿನಿಂದ ಬಂದ ಬಟ್ಟೆ ಒಗೆಯುವವರು, ಆಂಬುಲೆನ್ಸ್ ಡ್ರೈವರ್, ಶವಾಗಾರದಲ್ಲಿ ಕೆಲಸ ಮಾಡುವವರು, ದಂತ ಚಿಕಿತ್ಸೆಯ ಸಹಾಯಕರು, ವಾರ್ಡಿಗೆ ಕಲಿಯಲು ಬರುವ ವಿದ್ಯಾರ್ಥಿಗಳು. ಸೂಜಿ ಹಿಡಿಯುವವರಿಗೆ ಸೂಜಿ ಎಲ್ಲಿದೆ ಅಂತಾದರೂ ಗೊತ್ತಿರುತ್ತದೆ. ಕಸದ ಚೀಲದೊಳಗೆ ಯಾರೋ ಸುಮ್ನೆ ಎಸೆದ ಸೂಜಿ ಚೀಲ ಎತ್ತುವವರ ತೊಡೆಗೆ ಚುಚ್ಚುತ್ತದೆ, ಅದು ಯಾವ ರೋಗಿಯದ್ದು ಅಂತ ಯಾರಿಗೂ ಗೊತ್ತಿರುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಕಲಿಯುವಾಗಲೇ ಕೈ ನಡುಗುವುದು, ಆಗಲೇ ಚುಚ್ಚಿಸಿಕೊಳ್ಳುವುದು ಜಾಸ್ತಿ. ವಾರ್ಡಿಗೆ ಕಾಲಿಡುವ ಮೊದಲೇ ಲಸಿಕೆ ಶುರುವಾಗಿರಲಿ.

ಹೆಜ್ಜೆ 2: ಮೊದಲು ರಕ್ತ ಪರೀಕ್ಷೆ ಬೇಕಾ?

ಕಡ್ಡಾಯವಲ್ಲ. ಆದರೆ ಮಾಡಿಸಿದರೆ ಒಳ್ಳೆಯದು, ಅದರಲ್ಲೂ ನಿಮ್ಮ ಮನೆಯಲ್ಲಿ ಯಾರಿಗಾದರೂ ಹೆಪಟೈಟಿಸ್ ಬಿ ಇದ್ದರೆ ಅಥವಾ ನೀವು ಎಷ್ಟೋ ವರ್ಷದಿಂದ ಲಸಿಕೆಯಿಲ್ಲದೆ ಕೆಲಸ ಮಾಡುತ್ತಿದ್ದರೆ. ಈಗಾಗಲೇ ಸೋಂಕು ಇದ್ದರೆ ಲಸಿಕೆಯಿಂದ ತೊಂದರೆ ಇಲ್ಲ, ಉಪಯೋಗವೂ ಇಲ್ಲ. ಬೇಕಿರುವುದು ಚಿಕಿತ್ಸೆ, ಅದು ಬೇಗ ಗೊತ್ತಾದಷ್ಟೂ ಲಾಭ.

ರಕ್ತ ತೆಗೆಸಿ, ಅದೇ ದಿನ ಮೊದಲ ಡೋಸನ್ನೂ ಹಾಕಿಸಿಕೊಳ್ಳಿ. ರಿಪೋರ್ಟ್ ಬರಲಿ ಅಂತ ಕಾಯುತ್ತಾ ಕೂತರೆ ಆ ರಿಪೋರ್ಟ್ ಒಂದು ಕಡೆ, ನೀವು ಒಂದು ಕಡೆ ಆಗುತ್ತೀರಿ. ಆದರೆ ರಕ್ತ ಮೊದಲು, ಲಸಿಕೆ ಆಮೇಲೆ. ಯಾಕೆಂದರೆ ಲಸಿಕೆಯಲ್ಲಿ ಇರುವುದೇ ವೈರಸ್ಸಿನ ಮೇಲ್ಮೈಯ ಪ್ರೋಟೀನ್. ಎಚ್‌ಬಿಎಸ್‌ಎಜಿ ಪರೀಕ್ಷೆ ಹುಡುಕುವುದೂ ಅದನ್ನೇ. ಲಸಿಕೆ ಆದ ಮೇಲೆ 18 ದಿನದವರೆಗೂ ಕೆಲವರಲ್ಲಿ ಇದು ಸುಳ್ಳೇ ಪಾಸಿಟಿವ್ ಬಂದಿದ್ದಿದೆ. ಸುಮ್ನೆ ನಿದ್ದೆ ಕೆಡಿಸಿಕೊಳ್ಳುವ ಕೆಲಸ.

ಹೆಜ್ಜೆ 3: ಡೋಸ್‌ಗಳು

ಸಾಮಾನ್ಯ ಪದ್ಧತಿ ಹೀಗೆ: ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಮೊದಲನೆಯದರಿಂದ ಆರು ತಿಂಗಳಿಗೆ ಮೂರನೆಯದು. ಎರಡನೆಯದನ್ನು ಹೇಗೋ ಹಾಕಿಸಿಕೊಳ್ಳುತ್ತೇವೆ. ಬಿಟ್ಟುಹೋಗುವುದು ಮೂರನೆಯದೇ, ಮತ್ತು ಪ್ರತಿಕಾಯ ಜೋರಾಗಿ ಏರುವುದೂ ಅದಾದ ಮೇಲೆಯೇ. ಮೊದಲ ಡೋಸಿನ ದಿನವೇ ಉಳಿದ ಎರಡರ ತಾರೀಖನ್ನು ಫೋನಿನಲ್ಲಿ ಹಾಕಿಬಿಡಿ. ಆಸ್ಪತ್ರೆಯವರು ನೆನಪಿಸುತ್ತಾರೆ ಅಂತ ನಂಬಬೇಡಿ, ನಾನು ನಂಬಿದ್ದೆ.

ತಡವಾಯ್ತಾ? ಮೊದಲಿಂದ ಶುರು ಮಾಡಬೇಕಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು ಅನ್ನಿಸುತ್ತದೆ ನನಗೆ. ಎರಡು ವರ್ಷದ ಹಿಂದೆ ಎರಡು ಡೋಸ್ ಆಗಿದ್ದರೆ ಇವತ್ತು ಹೋಗಿ ಮೂರನೆಯದನ್ನು ಹಾಕಿಸಿಕೊಳ್ಳಿ, ಅಷ್ಟೇ. ತಡವಾದರೆ ನಡೆಯುತ್ತದೆ, ಬೇಗ ಆದರೆ ನಡೆಯುವುದಿಲ್ಲ. ಮೊದಲನೆಯದಕ್ಕೂ ಎರಡನೆಯದಕ್ಕೂ ಕನಿಷ್ಠ 4 ವಾರ, ಎರಡಕ್ಕೂ ಮೂರಕ್ಕೂ 8 ವಾರ, ಮೊದಲನೆಯದಕ್ಕೂ ಮೂರನೆಯದಕ್ಕೂ 16 ವಾರ ಅಂತರ ಇರಲೇಬೇಕು.

ಅವಸರ ಇದ್ದವರಿಗೆ ಬೇರೆ ದಾರಿ ಇದೆ. 0, 7, 21ನೇ ದಿನ ಮೂರು ಡೋಸ್ ಕೊಟ್ಟು, ವರ್ಷ ತುಂಬಿದಾಗ ನಾಲ್ಕನೆಯದು ಕೊಡುತ್ತಾರೆ. ಆ ನಾಲ್ಕನೆಯದನ್ನು ಬಿಟ್ಟರೆ ಈ ಅವಸರದ ಪದ್ಧತಿಗೆ ಅರ್ಥವಿಲ್ಲ. ತಿಂಗಳ ಅಂತರದಲ್ಲಿ ಎರಡೇ ಡೋಸಿನಲ್ಲಿ ಮುಗಿಯುವ ಹೊಸ ಬಗೆಯ ಲಸಿಕೆಯೂ ಬಂದಿದೆ, ಆದರೆ ಎಲ್ಲ ಕಡೆ ಸಿಗುವುದಿಲ್ಲ.

ಈಗ ಚುಚ್ಚುವ ಜಾಗ. ತೋಳಿನ ಮೇಲ್ಭಾಗದ ಸ್ನಾಯು, ಬೇರೆ ಎಲ್ಲೂ ಬೇಡ. ನಮ್ಮಲ್ಲಿ ಕೆಲವರು ತೋಳು ನೋಯುತ್ತೆ, ನಾಳೆ ಡ್ಯೂಟಿ ಇದೆ ಅಂತ ಸೊಂಟಕ್ಕೆ ಹಾಕಿಸಿಕೊಳ್ಳುತ್ತಾರೆ, ಕೊಡುವವರೂ ಸಹೋದ್ಯೋಗಿ ತಾನೇ, ಸರಿ ಅಂತ ಕೊಟ್ಟುಬಿಡುತ್ತಾರೆ. ಅಲ್ಲಿ ಕೊಬ್ಬು ಜಾಸ್ತಿ, ಲಸಿಕೆ ಸ್ನಾಯುವಿಗೆ ಮುಟ್ಟುವುದೇ ಇಲ್ಲ. ಹಾಗೆ ಹಾಕಿಸಿಕೊಂಡ ಡೋಸ್ ಲೆಕ್ಕಕ್ಕಿಲ್ಲ, ಮತ್ತೆ ತೋಳಿಗೇ ಹಾಕಿಸಿಕೊಳ್ಳಬೇಕು. ತೋಳು ದಪ್ಪ ಇರುವವರಿಗೆ ಉದ್ದದ ಸೂಜಿ ಬೇಕಾಗುತ್ತದೆ, ನಾಚಿಕೆ ಬೇಡ, ಕೇಳಿ.

ಕೊಡುವವರಿಗೆ: ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಫ್ರೀಜರ್ ಗೋಡೆಗೆ ತಾಗಿ ಹೆಪ್ಪುಗಟ್ಟಿದ ವಯಲ್ ಮತ್ತೆ ಕರಗಿದರೂ ಕೆಟ್ಟಂತೆಯೇ, ಎಸೆಯಿರಿ. ಬಳಸುವ ಮುಂಚೆ ಚೆನ್ನಾಗಿ ಕುಲುಕಿ, ಬಿಳಿ ಗಸಿ ತಳದಲ್ಲಿ ಕೂತಿರುತ್ತದೆ.

ಆದ ಮೇಲೆ ತೋಳು ನೋವು, ಸ್ವಲ್ಪ ಸುಸ್ತು, ಕೆಲವರಿಗೆ ಮೈ ಬಿಸಿ. ಒಂದೆರಡು ದಿನ. ಗರ್ಭಿಣಿಯರು, ಹಾಲುಣಿಸುವವರು ಹಾಕಿಸಿಕೊಳ್ಳಬಹುದು. ಹಿಂದಿನ ಡೋಸಿಗೆ ಜೋರಾದ ಅಲರ್ಜಿ ಆಗಿದ್ದರೆ ಅಥವಾ ಯೀಸ್ಟ್ ಅಲರ್ಜಿ ತೀವ್ರವಾಗಿದ್ದರೆ ಮಾತ್ರ ಬೇಡ.

ಯೀಸ್ಟ್ ಯಾಕೆ ಬಂತು ಅಂದರೆ, ಲಸಿಕೆಯ ಪ್ರೋಟೀನನ್ನು ಬೆಳೆಸುವುದು ಅದರಲ್ಲೇ. "ಇದನ್ನು ರೋಗಿಗಳ ರಕ್ತದಿಂದ ಮಾಡ್ತಾರಂತೆ" ಅನ್ನುವ ಮಾತು ಈಗಲೂ ಕಿವಿಗೆ ಬೀಳುತ್ತದೆ. ಪೂರ್ತಿ ಸುಳ್ಳಲ್ಲ, ಆದರೆ ಹಳೇ ಕಥೆ. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಲಸಿಕೆಯನ್ನು ಸೋಂಕಿತರ ಪ್ಲಾಸ್ಮಾದಿಂದಲೇ ಶುದ್ಧ ಮಾಡಿ ತಯಾರಿಸುತ್ತಿದ್ದರು. 1986ರಲ್ಲಿ ಯೀಸ್ಟಿನ ಲಸಿಕೆ ಬಂತು. ಇದರಲ್ಲಿ ವೈರಸ್ಸಿಲ್ಲ, ಬದುಕಿದ್ದೂ ಇಲ್ಲ ಸತ್ತದ್ದೂ ಇಲ್ಲ, ಅದರ ಹೊರಗಿನ ಚಿಪ್ಪಿನ ಒಂದು ಪ್ರೋಟೀನ್ ಮಾತ್ರ. ಇದರಿಂದ ಹೆಪಟೈಟಿಸ್ ಬರುವ ದಾರಿಯೇ ಇಲ್ಲ.

ಹೆಜ್ಜೆ 4: ಟೈಟರ್. ಇಲ್ಲೇ ಎಲ್ಲರೂ ಜಾರುವುದು

ಮೂರನೇ ಡೋಸ್ ಆಗಿ ಒಂದರಿಂದ ಎರಡು ತಿಂಗಳ ಒಳಗೆ ಒಂದು ರಕ್ತ ಪರೀಕ್ಷೆ ಮಾಡಿಸಬೇಕು. ಹೆಸರು ಆಂಟಿ-ಎಚ್‌ಬಿಎಸ್. ನಾವು ಟೈಟರ್ ಅನ್ನುವುದು ಇದನ್ನೇ. ಲಸಿಕೆ ಹಾಕಿಸಿಕೊಂಡ ಆರೋಗ್ಯವಂತರಲ್ಲೂ 100ರಲ್ಲಿ 5ರಿಂದ 10 ಜನಕ್ಕೆ ಲಸಿಕೆ ಹತ್ತುವುದೇ ಇಲ್ಲ, ಅಂದರೆ ಪ್ರತಿಕಾಯ ಸಾಕಷ್ಟು ಹುಟ್ಟುವುದಿಲ್ಲ. ವಯಸ್ಸು 40 ದಾಟಿದವರು, ಸಿಗರೇಟು ಸೇದುವವರು, ತೂಕ ಜಾಸ್ತಿ ಇರುವವರು, ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರುವವರಲ್ಲಿ ಇದು ಇನ್ನೂ ಹೆಚ್ಚು. ಮೂರು ಡೋಸಿನ ಕಾರ್ಡ್ ಕೈಯಲ್ಲಿದೆ, ಮೈಯಲ್ಲಿ ರಕ್ಷಣೆ ಇಲ್ಲ. ಪರೀಕ್ಷೆ ಮಾಡದೆ ಇದು ತಿಳಿಯುವುದು ಹೇಗೆ?

ಹೆಸರು ಸರಿಯಾಗಿ ಬರೆಸಿ. ಎಚ್‌ಬಿಎಸ್‌ಎಜಿ ಬೇರೆ, ಆಂಟಿ-ಎಚ್‌ಬಿಎಸ್ ಬೇರೆ. ಮೊದಲನೆಯದು ಪಾಸಿಟಿವ್ ಅಂದರೆ ವೈರಸ್ ಇದೆ ಅಂತ, ಎರಡನೆಯದು ಪಾಸಿಟಿವ್ ಅಂದರೆ ರಕ್ಷಣೆ ಇದೆ ಅಂತ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಟೈಟರ್ ಅಂದುಕೊಂಡು ಎಚ್‌ಬಿಎಸ್‌ಎಜಿ ಮಾಡಿಸಿ, ನೆಗೆಟಿವ್ ಬಂತು ಅಂತ ಖುಷಿಯಾಗಿ ಫೈಲಿನಲ್ಲಿಟ್ಟಿದ್ದರು. ಅದರಿಂದ ಗೊತ್ತಾಗಿದ್ದು ಅವರಿಗೆ ಸದ್ಯಕ್ಕೆ ಕಾಯಿಲೆ ಇಲ್ಲ ಅನ್ನುವುದು ಮಾತ್ರ. ಲಸಿಕೆ ಹತ್ತಿತೋ ಇಲ್ಲವೋ ಗೊತ್ತೇ ಆಗಿರಲಿಲ್ಲ. ಇನ್ನೊಂದು, ಬರೀ ಪಾಸಿಟಿವ್ ನೆಗೆಟಿವ್ ಬರುವ ಪರೀಕ್ಷೆ ಬೇಡ, ಅಂಕಿ ಬರುವ ಪರೀಕ್ಷೆಯೇ ಬೇಕು ಅಂತ ಲ್ಯಾಬಿನಲ್ಲಿ ಹೇಳಿ.

ಅಂಕಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ನಿಮ್ಮ ಕೆಲಸ ಮುಗಿಯಿತು. ಅಳತೆ ಒಂದು ಮಿಲಿಲೀಟರಿಗೆ ಇಷ್ಟು ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ಅಂತ. ಬ್ರಿಟನ್ನಿನಲ್ಲಿ ಸ್ವಲ್ಪ ಬಿಗಿ, 100 ಇದ್ದರೆ ಒಳ್ಳೆಯದು ಅನ್ನುತ್ತಾರೆ, 10ರಿಂದ 100ರ ನಡುವೆ ಇದ್ದರೆ ಇನ್ನೊಂದು ಡೋಸ್ ಕೊಡುತ್ತಾರೆ. ನಿಮ್ಮ ಆಸ್ಪತ್ರೆ ಯಾವುದನ್ನು ಪಾಲಿಸುತ್ತದೋ ಕೇಳಿಕೊಳ್ಳಿ.

10ಕ್ಕಿಂತ ಕಡಿಮೆ ಬಂದರೆ? ನಿಮ್ಮ ತಪ್ಪೇನೂ ಇಲ್ಲ. ಇನ್ನೊಂದು ಸುತ್ತು ಲಸಿಕೆ, ಮತ್ತೆ ಒಂದೆರಡು ತಿಂಗಳಿಗೆ ಟೈಟರ್. ಎರಡನೇ ಸುತ್ತಿನಲ್ಲಿ ಬಹಳ ಜನಕ್ಕೆ ಹತ್ತುತ್ತದೆ. ಆಗಲೂ 10 ದಾಟದಿದ್ದರೆ ಮೂರನೇ ಸುತ್ತಿನ ಹಿಂದೆ ಬೀಳಬೇಡಿ. ಈಗಾಗಲೇ ಸೋಂಕು ಇದೆಯಾ ಅಂತ ಎಚ್‌ಬಿಎಸ್‌ಎಜಿ ಮತ್ತು ಆಂಟಿ-ಎಚ್‌ಬಿಸಿ ಪರೀಕ್ಷೆ ಮಾಡಿಸಿ. ಅದೂ ಇಲ್ಲ ಅಂದರೆ ನಿಮಗೆ ಈ ಲಸಿಕೆ ಹತ್ತುವುದಿಲ್ಲ ಅಂತ ದಾಖಲೆಯಲ್ಲಿ ಬರೆಸಿಟ್ಟುಕೊಳ್ಳಿ. ಕೆಲಸ ಬಿಡಬೇಕಿಲ್ಲ. ಸೂಜಿ ಚುಚ್ಚಿದ ದಿನ ನಿಮ್ಮ ದಾರಿ ಬೇರೆ, ಅಷ್ಟೇ. ಕೆಳಗೆ ಹೇಳುತ್ತೇನೆ.

ನೀವು ಹಳಬರಾ? ಹತ್ತು ವರ್ಷದ ಹಿಂದೆ ಮೂರು ಡೋಸ್ ಆಗಿದೆ, ಟೈಟರ್ ಮಾಡಿಸಿಯೇ ಇಲ್ಲ, ಈಗ ಮಾಡಿಸಿದರೆ 4 ಬಂತು ಅನ್ನೋಣ. ಆಗ ಹತ್ತಿತ್ತು, ಕಾಲ ಕಳೆದಂತೆ ಇಳಿದಿದೆಯಾ, ಅಥವಾ ಹತ್ತಿರಲೇ ಇಲ್ಲವಾ? ಆ ಒಂದು ಅಂಕಿಯಿಂದ ಗೊತ್ತಾಗುವುದಿಲ್ಲ. ಒಂದು ಡೋಸ್ ಹಾಕಿಸಿಕೊಂಡು ಒಂದೆರಡು ತಿಂಗಳಿಗೆ ಮತ್ತೆ ನೋಡಿ. 10 ದಾಟಿತಾ, ಸರಿ. ದಾಟದಿದ್ದರೆ ಉಳಿದ ಎರಡು ಡೋಸನ್ನೂ ಮುಗಿಸಿ ಮತ್ತೆ ನೋಡಬೇಕು. ಟೈಟರನ್ನು ಸಮಯಕ್ಕೆ ಸರಿಯಾಗಿ ಮಾಡಿಸಿ ಅನ್ನುವುದು ಈ ಸುತ್ತಾಟ ತಪ್ಪಲಿ ಅಂತಲೇ.

ಒಂದು ಸಲ 10 ದಾಟಿದ ಆರೋಗ್ಯವಂತರಿಗೆ ಐದು ವರ್ಷಕ್ಕೊಮ್ಮೆ ಬೂಸ್ಟರ್ ಬೇಕಿಲ್ಲ. ಅಂಕಿ ಇಳಿದರೂ ಮೈಗೆ ನೆನಪಿರುತ್ತದೆ. ಈ ವೈರಸ್ ಒಳಗೆ ಹೊಕ್ಕು ಕಾಯಿಲೆ ತೋರಿಸಲು ಎರಡರಿಂದ ಐದು ತಿಂಗಳು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಮೈ ಮತ್ತೆ ಪ್ರತಿಕಾಯ ಮಾಡಿಕೊಳ್ಳುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಲೆಕ್ಕ ಬೇರೆ, ಅವರಿಗೆ ಡೋಸೂ ಜಾಸ್ತಿ, ವರ್ಷಕ್ಕೊಮ್ಮೆ ಟೈಟರೂ ನೋಡಬೇಕು.

ಹೆಜ್ಜೆ 5: ಕಾಗದ

ಡೋಸಿನ ತಾರೀಖುಗಳು, ಟೈಟರ್ ರಿಪೋರ್ಟ್ ಎರಡರ ಫೋಟೋ ತೆಗೆದು ಫೋನಿನಲ್ಲಿಡಿ, ಮನೆಯವರಿಗೂ ಒಂದು ಕಳಿಸಿ. ಕೆಲಸ ಬದಲಿಸಿದಾಗ ಹಳೇ ಆಸ್ಪತ್ರೆಯಿಂದ ದಾಖಲೆ ತರಿಸುವುದು ಎಷ್ಟು ಕಷ್ಟ ಅಂತ ತರಿಸಿದವರಿಗೇ ಗೊತ್ತು. ಕಾಗದ ಇಲ್ಲದಿದ್ದರೆ ಬಾಯಿ ಮಾತಿಗೆ ಬೆಲೆ ಇಲ್ಲ.

ಹೆಜ್ಜೆ 6: ಸೂಜಿ ಚುಚ್ಚಿದರೆ

ಕೆಲಸ ಅಲ್ಲೇ ನಿಲ್ಲಿಸಿ. ಸೋಪು ನೀರಿನಲ್ಲಿ ತೊಳೆಯಿರಿ. ಬೆರಳನ್ನು ಹಿಂಡಬೇಡಿ, ಬಾಯಲ್ಲಿ ಚೀಪಬೇಡಿ, ಬ್ಲೀಚ್ ಸುರಿಯಬೇಡಿ. ಕಣ್ಣಿಗೆ ಹಾರಿದ್ದರೆ ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ. ಆಮೇಲೆ ಹೋಗಿ ಹೇಳಿ, ಶಿಫ್ಟ್ ಮುಗಿದ ಮೇಲಲ್ಲ, ಆಗಲೇ. ಬೈಸಿಕೊಳ್ಳಬೇಕಾಗುತ್ತೆ ಅಂತ ಮುಚ್ಚಿಡುವವರು ಬಹಳ ಜನ. ಬೈಗುಳ ಒಂದು ದಿನದ್ದು, ಲಿವರ್ ಹಾಗಲ್ಲ.

ಅಲ್ಲಿಂದ ಮುಂದೆ ನಿಮ್ಮ ಅಂಕಿಯೇ ದಾರಿ ಹೇಳುತ್ತದೆ. ಲಸಿಕೆ ಪೂರ್ತಿ ಆಗಿ ಟೈಟರ್ 10 ದಾಟಿದ್ದಕ್ಕೆ ಕಾಗದ ಇದ್ದರೆ, ಹೆಪಟೈಟಿಸ್ ಬಿ ಬಗ್ಗೆ ಏನೂ ಮಾಡಬೇಕಿಲ್ಲ, ರೋಗಿ ಪಾಸಿಟಿವ್ ಆಗಿದ್ದರೂ. ಲಸಿಕೆಯೇ ಆಗಿಲ್ಲ ಅಥವಾ ಅರ್ಧಂಬರ್ಧ ಆಗಿದೆ, ರೋಗಿ ಪಾಸಿಟಿವ್ ಅಥವಾ ಯಾರ ಸೂಜಿ ಅಂತ ಗೊತ್ತಿಲ್ಲ, ಹೀಗಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಒಂದು ಕಡೆ, ಲಸಿಕೆ ಇನ್ನೊಂದು ಕಡೆ, ಒಟ್ಟಿಗೇ ಕೊಡುತ್ತಾರೆ. ಇಮ್ಯುನೋಗ್ಲಾಬ್ಯುಲಿನ್ ಅಂದರೆ ರೆಡಿಮೇಡ್ ಪ್ರತಿಕಾಯ. ಪ್ರತಿ ಕಿಲೋ ತೂಕಕ್ಕೆ 0.06 ಮಿಲಿಲೀಟರ್. 24 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು, ಸೂಜಿ ಚುಚ್ಚಿ 7 ದಿನ ಕಳೆದ ಮೇಲೆ ಕೊಟ್ಟರೆ ಉಪಯೋಗ ಆಗುತ್ತದೆ ಅನ್ನುವ ಭರವಸೆ ಇಲ್ಲ. ದುಬಾರಿ ಔಷಧಿ, ಎಲ್ಲ ಕಡೆ ಇಟ್ಟಿರುವುದಿಲ್ಲ. ಮೂರು ಡೋಸ್ ಆಗಿ ಟೈಟರ್ ಗೊತ್ತಿಲ್ಲದವರಿಗೆ ಮೊದಲು ಟೈಟರ್ ನೋಡಿ ಆಮೇಲೆ ತೀರ್ಮಾನ. ಎರಡು ಸುತ್ತಾದರೂ ಲಸಿಕೆ ಹತ್ತದವರಿಗೆ ಇಮ್ಯುನೋಗ್ಲಾಬ್ಯುಲಿನ್ನೇ ಎರಡು ಸಲ, ತಿಂಗಳ ಅಂತರದಲ್ಲಿ.

ರಕ್ಷಣೆ ಇಲ್ಲದವರು ಆರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು. ಇದನ್ನೂ ಮರೆಯುತ್ತಾರೆ. ಇನ್ನು ಟೈಟರ್ ಎಷ್ಟೇ ಇದ್ದರೂ ಅದು ಎಚ್‌ಐವಿಗೆ, ಹೆಪಟೈಟಿಸ್ ಸಿಗೆ ಕೆಲಸಕ್ಕೆ ಬರುವುದಿಲ್ಲ. ಎಚ್‌ಐವಿ ಮಾತ್ರೆ ಬೇಕಿದ್ದರೆ 72 ಗಂಟೆಯೊಳಗೆ ಶುರುವಾಗಬೇಕು, ಗಂಟೆ ಲೆಕ್ಕದಲ್ಲಿ ಬೇಗ ಆದಷ್ಟೂ ಒಳ್ಳೆಯದು. ಹಾಗಾಗಿ "ನನಗೆ ಟೈಟರ್ ಇದೆ" ಅಂತ ಹೇಳದೆ ಮನೆಗೆ ಹೋಗಬೇಡಿ.

ನನ್ನ ಕಥೆ ಏನಾಯ್ತು ಅಂದರೆ, ಆ ರೋಗಿಯ ರಿಪೋರ್ಟ್ ನೆಗೆಟಿವ್ ಬಂತು. ಅದೃಷ್ಟ ಅಷ್ಟೇ. ಮೂರನೇ ಡೋಸ್ ಅದೇ ವಾರ ಹಾಕಿಸಿಕೊಂಡೆ.

ಪಾಸಿಟಿವ್ ಬಂದವರಿಗೆ

ಪರೀಕ್ಷೆಯಲ್ಲಿ ನಿಮಗೇ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ಕೆಲಸ ಹೋಯ್ತು ಅಂತಲ್ಲ. ಲಿವರ್ ಡಾಕ್ಟರನ್ನು ನೋಡಿ, ಟೆನೊಫೊವಿರ್, ಎಂಟೆಕಾವಿರ್‌ನಂಥ ಮಾತ್ರೆಗಳಿವೆ, ವೈರಸ್ಸನ್ನು ಹಿಡಿತದಲ್ಲಿಡುತ್ತವೆ. ಎಲ್ಲರಿಗೂ ತಕ್ಷಣ ಮಾತ್ರೆ ಬೇಕಾಗುವುದೂ ಇಲ್ಲ. ಕೈ ಒಳಗಿಟ್ಟು ಮಾಡುವ ಕೆಲವು ಶಸ್ತ್ರಚಿಕಿತ್ಸೆಗಳಿಗೆ ಮಾತ್ರ ವೈರಸ್ ಪ್ರಮಾಣ ನೋಡಿ ನಿರ್ಬಂಧ ಇರುತ್ತದೆ. ಜೊತೆಗೆ ಊಟ ಮಾಡುವುದರಿಂದ, ಕೈ ಕುಲುಕುವುದರಿಂದ ಇದು ಹರಡುವುದಿಲ್ಲ. ಸಂಗಾತಿಗೆ, ಮನೆಯವರಿಗೆ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿ.

ವಾರ್ಡ್ ನೋಡಿಕೊಳ್ಳುವವರಿಗೆ

ಅಮೆರಿಕದಲ್ಲಿ 1991ರ ನಿಯಮದಂತೆ ರಕ್ತ ತಾಗುವ ಕೆಲಸಕ್ಕೆ ಹಾಕಿದ 10 ಕೆಲಸದ ದಿನಗಳೊಳಗೆ ಲಸಿಕೆಯನ್ನು ಬಿಟ್ಟಿಯಾಗಿ ಕೊಡಬೇಕು, ಬೇಡ ಅನ್ನುವವರಿಂದ ಸಹಿ ತೆಗೆದುಕೊಳ್ಳಬೇಕು. 1983ರಿಂದ 1995ರ ನಡುವೆ ಅಲ್ಲಿನ ಆರೋಗ್ಯ ಸಿಬ್ಬಂದಿಯಲ್ಲಿ ಈ ಸೋಂಕು ಶೇಕಡ 90ಕ್ಕೂ ಜಾಸ್ತಿ ಇಳಿಯಿತು. ಲಸಿಕೆ, ಗ್ಲೌಸ್, ಸೂಜಿಗೆ ಮತ್ತೆ ಮುಚ್ಚಳ ಹಾಕದಿರುವುದು, ಎಲ್ಲ ಸೇರಿ.

ನನ್ನ ಅನುಭವದಲ್ಲಿ ನೋಟಿಸ್ ಅಂಟಿಸಿದರೆ ಯಾರೂ ಬರುವುದಿಲ್ಲ. ಲಸಿಕೆಯನ್ನೇ ವಾರ್ಡಿಗೆ ಒಯ್ಯಬೇಕು, ನೈಟ್ ಶಿಫ್ಟಿನವರಿಗೆ ರಾತ್ರಿಯೇ. ಗುತ್ತಿಗೆಯಲ್ಲಿರುವವರಿಗೆ "ನಿಮ್ಮ ಕಂಪನಿಯವರು ಕೊಡ್ತಾರೆ" ಅಂತ ಕೈ ತೊಳೆದುಕೊಂಡರೆ ಯಾರೂ ಕೊಡುವುದಿಲ್ಲ. ಒಮ್ಮೆ ನಮ್ಮಲ್ಲಿ ನೆಲ ಒರೆಸುವ ಅಕ್ಕನೊಬ್ಬರನ್ನು ಕೇಳಿದೆ, ಲಸಿಕೆ ಆಗಿದೆಯಾ ಅಂತ. "ನಮ್ಮನ್ನ ಯಾರು ಕರೀತಾರೆ ಸಿಸ್ಟರ್, ಅದು ನಿಮಗೆ ಅಲ್ವಾ?" ಅಂದರು. ಅವರು ಅಲ್ಲಿ ಕೆಲಸಕ್ಕೆ ಬಂದು ನನಗಿಂತ ಜಾಸ್ತಿ ವರ್ಷವಾಗಿತ್ತು.

ಒಂದು ನೋಟ್‌ಬುಕ್ ಸಾಕು. ಹೆಸರು, ಮೂರು ತಾರೀಖು, ಕೊನೆಯಲ್ಲಿ ಟೈಟರಿಗೊಂದು ಕಾಲಂ. ನಮ್ಮ ಪುಸ್ತಕದಲ್ಲಿ ಬಹಳ ದಿನ ಆ ಕೊನೆಯ ಕಾಲಂ ಇರಲೇ ಇಲ್ಲ. ಗೆರೆ ಎಳೆದು ಸೇರಿಸಿದ ಮೇಲೆ ಮೊದಲು ತುಂಬಿದ ಅಂಕಿ ಆ ಅಕ್ಕನದು, 212.